ಗಾಡಿ ಅಂಗಳದಾಗ, ಕಾಗದ ಪುಣೆದಾಗ!

ಹಳೆ ಕಾರು ಕೊಳ್ಳುವ ಗಡಿ ಕುಟುಂಬಗಳಿಗೆ ಡೀಲರ್‌ಗಳ ಟೋಪಿ

ಅಕ್ಕಲಕೋಟ: ಬೇವಿನ ಗಿಡದ ಕೆಳಗೆ ನೀಲಿ ತಾಡಪತ್ರಿ ಹೊದ್ದುಕೊಂಡು ಬಿಳಿ ಕಾರೊಂದು ನಿಂತಿದೆ. ಎಂಟು ತಿಂಗಳಿಂದ ಅದು ರಸ್ತೆಗೆ ಇಳಿದಿಲ್ಲ. ಟೈರಿನ ಗಾಳಿ ಹೋಗಿದೆ, ಬಾನೆಟ್ ಮೇಲೆ ಕೋಳಿಗಳು ಮಲಗುತ್ತವೆ. ಆ ಕಾರಿಗೆ ಕೊಟ್ಟಿದ್ದು 3.80 ಲಕ್ಷ ರೂಪಾಯಿ. ಅರ್ಧ ತೊಗರಿ ಮಾರಿದ ದುಡ್ಡು, ಅರ್ಧ ಸೊಸೈಟಿ ಸಾಲ.

ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಹಳ್ಳಿಯ ಈ ಕುಟುಂಬ ಕಾರು ತಂದದ್ದು ಶೋಕಿಗಲ್ಲ. ಮನೆಯ ಹಿರಿಯ ಹೆಣ್ಣುಮಗಳಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಸೊಲ್ಲಾಪುರಕ್ಕೆ ಹೋಗಬೇಕು. ಬರುವಾಗ ಎಸ್‌ಟಿ ಬಸ್ಸಿನಲ್ಲಿ ಕೂಡುವಷ್ಟು ತ್ರಾಣ ಇರುವುದಿಲ್ಲ. ಬಾಡಿಗೆ ಗಾಡಿಗೆ ಸುರಿದ ದುಡ್ಡಿನ ಲೆಕ್ಕ ಹಾಕಿದ ಮಗ, ಒಂದು ಹಳೆ ಕಾರೇ ಇರಲಿ ಎಂದು ಪುಣೆ ಕಡೆಯ ಡೀಲರ್ ಹತ್ತಿರ ಹೋದ.

ಗಾಡಿ ನೋಡಲು ಚಂದ ಇತ್ತು. ಡೀಲರ್‌ನ ಮಾತು ಅದಕ್ಕಿಂತ ಚಂದ. ತಂದೆಗೆ ‘ಕಾಕಾ’, ಮಗನಿಗೆ ‘ದಾದಾ’ ಎನ್ನುತ್ತ ಚಹಾ ಕುಡಿಸಿದ. ಇಸಾರ ಕೊಟ್ಟ ದಿನವೇ ಕೀಲಿ ಕೈಗೆ ಬಂತು. ‘ಕಾಕಾ, ಪೇಪರ್ ಆಠ್ ದಿವಸಾತ್ ಘರೀ ಯೇತೀಲ್’ ಎಂದ. ಎಂಟು ದಿನದಲ್ಲಿ ಕಾಗದ ಮನೆಗೇ ಬರುತ್ತವೆ ಎಂಬ ಭರವಸೆ. ಕೈಗೆ ಬಂದದ್ದು ಆರ್‌ಸಿಯ ಒಂದು ಜೆರಾಕ್ಸ್, ಸಹಿ ಮಾಡಿದ ಎರಡು ಖಾಲಿ ಫಾರ್ಮು. ಜೆರಾಕ್ಸ್ ಸಹ ಒಂದೇ ಬದಿಯದು. ಸಾಲ ಕೊಟ್ಟವರ ಹೆಸರಿದ್ದ ಇನ್ನೊಂದು ಬದಿಗೆ ಜೆರಾಕ್ಸ್ ಯಂತ್ರದ ಬೆಳಕೇ ಬಿದ್ದಿರಲಿಲ್ಲ!

ಮೂರನೇ ತಿಂಗಳು ಬೈಕ್ ಮೇಲೆ ಇಬ್ಬರು ಬಂದರು. ಗಾಡಿಯ ಮೇಲೆ ಫೈನಾನ್ಸ್‌ನ 1.60 ಲಕ್ಷ ಬಾಕಿ ಇದೆ, ಕೀಲಿ ಕೊಡ್ರಿ ಎಂದರು. ಊರ ಮಂದಿ ಕೂಡಿದ್ದರಿಂದ ಆವತ್ತು ಗಾಡಿ ಉಳಿಯಿತು. ಆದರೆ ಅಂದಿನಿಂದ ಅದನ್ನು ರಸ್ತೆಗೆ ಬಿಡುವ ಧೈರ್ಯ ಯಾರಿಗೂ ಆಗಿಲ್ಲ. ಡೀಲರ್‌ನ ಫೋನ್ ಮೊದಲು ‘ಬಿಜಿ’ ಬರುತ್ತಿತ್ತು, ಈಗ ಸ್ವಿಚ್ ಆಫ್.

ಖಾಲಿ ಫಾರ್ಮಿನ ಆಟ

ಹಳೆ ಗಾಡಿ ಎಂದರೆ ನಮ್ಮವರು ಮೊದಲು ನೋಡುವುದು ಬಣ್ಣ, ಆಮೇಲೆ ಎವರೇಜ್, ಕೊನೆಗೆ ಕಾಗದ. ಮೋಸ ಮಾಡುವವನಿಗೆ ಈ ಅನುಕ್ರಮ ಬಾಯಿಪಾಠ. ಎಂಜಿನ್ ಕೆಟ್ಟರೆ ಮಿಸ್ತ್ರಿ ದುರಸ್ತಿ ಮಾಡಿಯಾನು, ಕಾಗದ ಕೆಟ್ಟರೆ ಗಾಡಿ ಬರೀ ತಗಡು.

ಕೈಬದಲಾದ ಗಾಡಿಗೆ ಫಾರ್ಮ್ 29 ಮತ್ತು ಫಾರ್ಮ್ 30 ಬೇಕು. ಮಾರಿದವನು ಆರ್‌ಟಿಒಗೆ ತಿಳಿಸುವುದು 29ರಲ್ಲಿ, ಹೆಸರು ಬದಲಿಗೆ ಅರ್ಜಿ 30ರಲ್ಲಿ. ಇವುಗಳ ಮೇಲೆ ಸಹಿ ಇದ್ದ ಮಾತ್ರಕ್ಕೆ ಗಾಡಿ ನಿಮ್ಮದಾಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಏರಿದಾಗಲೇ ನಿಮ್ಮದು. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಕೊಂಡವನು 30 ದಿನದೊಳಗೆ ವರ್ಗಾವಣೆಗೆ ಹೋಗಬೇಕು. ಮಾರಿದವನಿಗೆ ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನ.

ಫಾರ್ಮು ಖಾಲಿ ಇರುವುದರಲ್ಲೇ ಕೆಲ ಡೀಲರ್‌ಗಳ ಲಾಭ. ತಾರೀಖು, ಕೊಂಡವನ ಹೆಸರು ಬರೆಯದೆ ಇಟ್ಟರೆ ಒಂದೇ ಸಹಿ ಮೇಲೆ ಗಾಡಿ ನಾಲ್ಕು ಕೈ ದಾಟುತ್ತದೆ. ಮೊದಲನೇ ಮಾಲೀಕ ಪುಣೆಯಲ್ಲಿ, ನಾಲ್ಕನೆಯವ ಜತ್ತದಲ್ಲಿ. ನಡುವಿನ ಇಬ್ಬರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಪಘಾತವಾದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ, ಗಾಡಿ ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಹೇಳಿದೆ. ಅಂದರೆ ಈ ಆಟದಲ್ಲಿ ಮಾರಿದವನಿಗೂ ನಿದ್ದೆ ಇಲ್ಲ.

ಗಾಡಿ ಮೇಲೆ ಸಾಲ ಇದೆಯೇ ಎಂದು ನೋಡುವುದು ಈಗ ಎರಡು ನಿಮಿಷದ ಕೆಲಸ. ಎಂ-ಪರಿವಾಹನ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಗಾಡಿ ಯಾವ ವರ್ಷದ್ದು, ವಿಮೆ ಎಂದಿನವರೆಗೆ, ಫೈನಾನ್ಸ್ ಇದೆಯೇ ಎಂಬುದು ಕಾಣುತ್ತದೆ. ‘ಸಾಲ ತೀರೇದ, ಎನ್‌ಒಸಿ ಬರೂದದ’ ಎಂದು ಡೀಲರ್ ಹೇಳಿದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ದುಡ್ಡು ಕಿಸೆಯಲ್ಲೇ ಇರಲಿ. ತೀರಾ ಬೇಕೇಬೇಕಾದ ಗಾಡಿಯಾದರೆ ಬಾಕಿ ಇದ್ದಷ್ಟು ಹಣವನ್ನು ಡೀಲರ್‌ಗೆ ಕೊಡದೆ ನೇರ ಸಾಲದ ಖಾತೆಗೇ ತುಂಬಿ ರಸೀದಿ ಪಡೆಯಬೇಕು. ಹೀಗೆಂದಾಗ ಡೀಲರ್ ಮುಖ ಗಂಟು ಹಾಕಿದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರ್‌ಗಳಿಗೆ ಆರ್‌ಟಿಒದ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ಬಂದಿದೆ. ಐದು ವರ್ಷ ಚಾಲ್ತಿಯಲ್ಲಿರುವ ಈ ಪತ್ರಕ್ಕೆ ಫಾರ್ಮ್ 29-ಬಿ ಎನ್ನುತ್ತಾರೆ. ಮಾಲೀಕ ಇಂಥ ಡೀಲರ್‌ಗೆ ಗಾಡಿ ಒಪ್ಪಿಸಿ 29-ಸಿ ಮೂಲಕ ತಿಳಿಸಿದರೆ, ಮಾರಾಟ ಆಗುವವರೆಗೆ ಡೀಲರನೇ ಮಾಲೀಕ ಎಂದು ಲೆಕ್ಕ. ಹೊಣೆಯೂ ಅವನ ತಲೆಗೆ. ‘ಸಾಹೇಬ್ರ, ನಿಮ್ಮ 29-ಬಿ ತೋರಸ್ರಿ’ ಎಂದು ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ. ಹೆದ್ದಾರಿ ಬದಿ ತಗಡಿನ ಶೆಡ್ ಹಾಕಿ ಹತ್ತು ಗಾಡಿ ನಿಲ್ಲಿಸಿದ ಎಲ್ಲರ ಬಳಿಯೂ ಅದು ಇರುವುದಿಲ್ಲ ಎಂಬುದು ಬೇರೆ ಮಾತು.

ಜಿಎಸ್‌ಟಿ ಹೆಸರಲ್ಲೂ ಕೈಚಳಕ ನಡೆಯುತ್ತದೆ. 2025ರ ಜನವರಿಯಿಂದ ಹಳೆ ಕಾರಿನ ವ್ಯಾಪಾರಕ್ಕೆ ಶೇ 18ರ ದರ ಬಂದಿದೆ ನಿಜ. ಆದರೆ ಅದು ಡೀಲರ್‌ನ ಲಾಭದ ಅಂತರದ ಮೇಲೆ, ಗಾಡಿಯ ಪೂರ್ತಿ ಬೆಲೆಯ ಮೇಲಲ್ಲ. ಮೂರು ಲಕ್ಷಕ್ಕೆ ಕೊಂಡು ಮೂರೂವರೆಗೆ ಮಾರಿದರೆ ತೆರಿಗೆ ಐವತ್ತು ಸಾವಿರದ ಮೇಲಷ್ಟೇ.

ಬೀಗರೂರಿನ ಗಾಡಿ, ಎರಡು ರಾಜ್ಯದ ಲೆಕ್ಕ

ಗಡಿಯ ಕುಟುಂಬಗಳಿಗೆ ಇರುವ ತೊಡಕು ಪುಣೆ, ಬೆಂಗಳೂರಿನವರಿಗೆ ಇಲ್ಲ. ಮಗಳನ್ನು ಕೊಟ್ಟದ್ದು ಇಂಡಿಗೆ, ಸೊಸೆ ತಂದದ್ದು ಆಳಂದದಿಂದ, ಹೊಲ ಮಹಾರಾಷ್ಟ್ರದಲ್ಲಿ, ಮಾವನ ಮನೆ ಕರ್ನಾಟಕದಲ್ಲಿ. ಗಾಡಿಯೂ ಹಾಗೆಯೇ. ಎಂಎಚ್-13 ವಿಜಯಪುರಕ್ಕೆ ಹೋಗುತ್ತದೆ, ಕೆಎ-28 ಜತ್ತಕ್ಕೆ ಬರುತ್ತದೆ.

ಡೀಲರ್‌ಗಳು ಇಲ್ಲಿ ಉರುಳಿಸುವ ಒಂದು ಮಾತು ಇದೆ: ‘ಒಂದ್ ವರ್ಷ ಏನೂ ಮಾಡೂದು ಬ್ಯಾಡ್ರಿ, ಕಾಯ್ದೇನ ಹಂಗದ.’ ಇದರಲ್ಲಿ ಅರ್ಧ ಸತ್ಯ ಇದೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇದ್ದರೆ ಹೊಸ ನಂಬರ್ ಪಡೆಯಬೇಕೆಂದು 47ನೇ ಕಲಂ ಹೇಳುತ್ತದೆ. ಆದರೆ ಆ 12 ತಿಂಗಳು ನಂಬರಿಗೆ ಸಂಬಂಧಿಸಿದ್ದು, ಹೆಸರು ಬದಲಾವಣೆಗಲ್ಲ. ಹೆಸರಿನ ವಿಷಯದಲ್ಲಿ 30 ದಿನವೇ. ಡೀಲರ್ ಬೇಕಂತಲೇ ಎರಡನ್ನೂ ಕಲಸುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ಅವನು ಅಂಗಡಿ ಬದಲಿಸಿರುತ್ತಾನೆ, ಸಹಿ ಮಾಡಿದ ಮಾಲೀಕ ಊರು ಬದಲಿಸಿರುತ್ತಾನೆ.

ರಾಜ್ಯ ದಾಟಿಸುವುದಾದರೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕೇಬೇಕು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಹಚ್ಚಬೇಕು, ತೆರಿಗೆ ಮತ್ತು ದಂಡದ ಬಾಕಿ ಇರಬಾರದು, ಗಾಡಿ ಕಳವಿನದಲ್ಲ ಎಂಬುದು ಖಾತ್ರಿಯಾಗಬೇಕು. ಕಳ್ಳಗಾಡಿ ಸಿಕ್ಕಿಬೀಳುವುದು ಇಲ್ಲಿಯೇ. ಆದ್ದರಿಂದ ‘ಎನ್‌ಒಸಿ ನೀವ ತಗೋರಿ, ಐದು ಸಾವಿರ ಕಮ್ಮಿ ಮಾಡ್ತೀನಿ’ ಎಂಬ ಡೀಲರ್‌ನ ಔದಾರ್ಯಕ್ಕೆ ಮರುಳಾಗಬಾರದು. ಎನ್‌ಒಸಿ ತಂದುಕೊಡುವುದು ಅವನ ಕೆಲಸ, ಪೂರ್ತಿ ಹಣ ಅದಾದ ಮೇಲೆ.

ಆಮೇಲೆ ತೆರಿಗೆ. ಹೊಸ ಕಾರಿನ ಆಜೀವ ತೆರಿಗೆ ಕರ್ನಾಟಕದಲ್ಲಿ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಇದೆ. ಹೊರರಾಜ್ಯದಿಂದ ತಂದ ಹಳೆ ಗಾಡಿಗೆ ಅದರ ವಯಸ್ಸು ನೋಡಿ ಇಳಿಸುತ್ತಾರೆ, ಬಿಡುವುದಿಲ್ಲ. ಎಂಎಚ್ ಗಾಡಿ ಅಗ್ಗ ಎಂದು ಇಂಡಿಯ ಅಳಿಯನಿಗೆ ಕೊಡಿಸುವ ಮಾವಂದಿರು ಈ ಲೆಕ್ಕವನ್ನು ಮೊದಲೇ ಆರ್‌ಟಿಒದಲ್ಲಿ ಕೇಳಿಕೊಂಡರೆ ಬೀಗತನ ಉಳಿದೀತು! ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲು ವಾಪಸ್ ಕೇಳಲು ದಾರಿ ಇದೆ. ಆದರೆ ಅದು ಹೊಸ ನಂಬರ್ ಆದ ಮೇಲಿನ ಮಾತು, ಓಡಾಟದ ಕೆಲಸ.

ವಿಮೆಯನ್ನೂ ಮರೆಯುವಂತಿಲ್ಲ. ‘ಐವತ್ತು ಪರ್ಸೆಂಟ್ ಎನ್‌ಸಿಬಿ ಗಾಡಿ ಜೋಡಿ ಬರ್ತದ’ ಎಂದು ಹೇಳುವವರಿದ್ದಾರೆ. ಆ ರಿಯಾಯಿತಿ ಮಾರಿದವನದು, ಗಾಡಿಯದಲ್ಲ. ಗಾಡಿ ಕೊಂಡ 14 ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಗಾಡಿಯ ಜಖಂಗೆ ಕಂಪನಿ ಕೈ ಎತ್ತುತ್ತದೆ.

ಕೃಷ್ಣೆಯಲ್ಲಿ ಮಿಂದ ಗಾಡಿಗಳು

ಸಾಂಗಲಿ ಜಿಲ್ಲೆಯ ವಿಚಿತ್ರ ನೋಡಿ. ಜತ್ತದಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕು, ಅದೇ ಜಿಲ್ಲೆಯ ಪಲೂಸ್, ವಾಳವಾ, ಮಿರಜ್ ಕಡೆ ಕೃಷ್ಣೆ ಉಕ್ಕಿ ಮನೆ ಮುಳುಗುತ್ತವೆ. 2019ರ ಆಗಸ್ಟ್‌ನ ಮಹಾಪೂರ ಮರೆಯುವಂಥದ್ದಲ್ಲ. 2021ರ ಜುಲೈನಲ್ಲಿ ಮತ್ತೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಸೊಲ್ಲಾಪುರ ಜಿಲ್ಲೆಯಲ್ಲೇ ಊರಿಗೆ ನುಗ್ಗಿತು. ನೀರು ಇಳಿದ ಮೇಲೆ ನೆನೆದ ಕಾರುಗಳೆಲ್ಲ ಎಲ್ಲಿ ಹೋದವು?

ವಿಮೆ ಇದ್ದ ಗಾಡಿಯ ದುರಸ್ತಿ ಖರ್ಚು ಅದರ ವಿಮಾ ಮೌಲ್ಯದ ಶೇ 75 ದಾಟಿದರೆ ಅದನ್ನು ಪೂರ್ಣ ನಷ್ಟ ಎಂದು ಎಣಿಸಿ, ಇದ್ದ ಸ್ಥಿತಿಯಲ್ಲೇ ಹರಾಜಿಗೆ ಹಾಕುತ್ತಾರೆ. ಹರಾಜಿನಲ್ಲಿ ಕೊಂಡವರಲ್ಲಿ ಕೆಲವರು ಬಿಡಿಭಾಗ ಕಳಚಿ ಮಾರುತ್ತಾರೆ. ಕೆಲವರು ತೊಳೆದು, ಸೀಟಿಗೆ ಹೊಸ ಕವರ್ ಹಾಕಿ, ಅತ್ತರು ಹೊಡೆದು, ಪೂರ ಕಾಣದ ಊರಿಗೆ ಕಳಿಸುತ್ತಾರೆ. ಇನ್ನೂ ಕೆಟ್ಟವರಿಗೆ ಬೇಕಾದದ್ದು ಗಾಡಿಯಲ್ಲ, ಅದರ ಆರ್‌ಸಿ ಮತ್ತು ಚಾಸಿ ನಂಬರು. ಅದೇ ಬಣ್ಣದ ಕಳ್ಳಗಾಡಿಗೆ ಆ ನಂಬರ್ ಕೂಡಿಸಿದರೆ ಮುಗಿಯಿತು. ಚಾಸಿ ನಂಬರಿನ ಸುತ್ತ ಉಜ್ಜಿದ, ಬೆಸೆದ, ಹೊಸ ಬಣ್ಣ ಬಳಿದ ಗುರುತು ಕಂಡರೆ ಆ ಗಾಡಿ ಬೇಡವೇ ಬೇಡ.

ನೀರು ಕುಡಿದ ಗಾಡಿ ತಾನೇ ಬಾಯಿ ಬಿಡುತ್ತದೆ, ಎಲ್ಲಿ ಕೇಳಬೇಕೆಂದು ಗೊತ್ತಿರಬೇಕು ಅಷ್ಟೆ. ಸೀಟ್ ಬೆಲ್ಟ್ ಪೂರ್ತಿ ಎಳೆದರೆ ಒಳಗಿನ ಪಟ್ಟಿಯಲ್ಲಿ ಕೆಸರಿನ ಕಲೆ ಸಿಗುತ್ತದೆ. ಹೊರಗಿನದನ್ನು ತೊಳೆದವರು ಒಳಗಿನದನ್ನು ತೊಳೆದಿರುವುದಿಲ್ಲ. ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ರೇವೆ ಮಣ್ಣು, ಹೆಡ್‌ಲೈಟಿನೊಳಗೆ ಮಂಜು, ಮ್ಯಾಟಿನ ಕೆಳಗೆ ಹಸಿ. ಕಾರಿನೊಳಗೆ ಘಮಘಮ ವಾಸನೆ ಅತಿಯಾಗಿದ್ದರೆ ಯಾಕೆ ಎಂದು ಕೇಳಬೇಕು. ಗಾಜುಗಳನ್ನು ಏರಿಸಿ, ಅರ್ಧ ತಾಸು ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಮೂಗೇ ತೀರ್ಪು ಕೊಡುತ್ತದೆ.

ಮೀಟರ್ ತಿರುಗಿಸುವುದು ಹಳೆ ವಿದ್ಯೆ. ಡಿಜಿಟಲ್ ಬಂದ ಮೇಲೆ ಅದು ಇನ್ನೂ ಸಲೀಸಾಗಿದೆ, ಲ್ಯಾಪ್‌ಟಾಪ್ ಇದ್ದರಾಯಿತು. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಡಿ ರಾತ್ರೋರಾತ್ರಿ 58 ಸಾವಿರಕ್ಕೆ ಇಳಿಯುತ್ತದೆ. ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದಿರುತ್ತದೆ, ಸ್ಟೇರಿಂಗ್ ಕೈ ಹಿಡಿಯುವಲ್ಲಿ ನುಣ್ಣಗಾಗಿರುತ್ತದೆ, ಡ್ರೈವರ್ ಸೀಟು ಒಂದು ಬದಿಗೆ ಕುಸಿದಿರುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಲು ಕಲಿತರೆ ಸಾಕಷ್ಟು ಗೊತ್ತಾಗುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಮೀಟರ್ 30 ಸಾವಿರ ತೋರಿಸುವ ಗಾಡಿಗೆ ನಾಲ್ಕೂ ಟೈರು ಹೊಸವು ಯಾಕೆ? ಕಿಟಕಿ ಗಾಜುಗಳ ಮೂಲೆಯ ಗುರುತು ಎಲ್ಲ ಒಂದೇ ವರ್ಷದವು ಇರಬೇಕು. ಒಂದು ಬೇರೆಯಾದರೆ ಆ ಬದಿಗೆ ಏನೋ ಬಡಿದಿದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನಂಬರ್ ಹೇಳಿ ಹಳೆ ಸರ್ವಿಸ್ ದಾಖಲೆ ಕೇಳಿದರೆ ಮೀಟರಿನ ಬಂಡವಾಳ ಹೊರಗೆ ಬೀಳುತ್ತದೆ. ಹಳದಿ ಪ್ಲೇಟಿನ ಟ್ಯಾಕ್ಸಿ ಬಿಳಿ ಪ್ಲೇಟಾಗಿ ಬಂದದ್ದೂ ಅಲ್ಲಿಯೇ ತಿಳಿದೀತು.

ಇಷ್ಟೆಲ್ಲ ನೋಡಲು ಪರಿಚಯದ ಮಿಸ್ತ್ರಿಯನ್ನು ಜೊತೆಗೆ ಒಯ್ಯಬೇಕು. ಅವನಿಗೆ ಒಂದು ದಿನದ ಪಗಾರ, ಊಟ ಕೊಟ್ಟರೂ ನಷ್ಟವಿಲ್ಲ. ಡೀಲರ್ ತೋರಿಸುವ ಮಿಸ್ತ್ರಿ ಡೀಲರನ ಮನುಷ್ಯನೇ.

ಜಪಾನಿನ ಕಾರಿನ ಹುಚ್ಚು

ಮೊಬೈಲಿನಲ್ಲಿ ರೀಲ್ಸ್ ನೋಡಿ ಜಪಾನಿನ ಹಳೆ ಸ್ಪೋರ್ಟ್ಸ್ ಕಾರಿಗೆ ಮನಸೋತ ಹುಡುಗರು ಸೊಲ್ಲಾಪುರದಲ್ಲೂ ಕಡಿಮೆ ಇಲ್ಲ. ನಿಸ್ಸಾನ್ ಸ್ಕೈಲೈನ್, ಟೊಯೊಟಾ ಸುಪ್ರಾ, ಮಾಜ್ದಾ ಆರ್‌ಎಕ್ಸ್-7 ಹೆಸರು ಅವರ ನಾಲಗೆ ತುದಿಯಲ್ಲಿ. ‘ಇಂಪೋರ್ಟೆಡ್ ಮಾಲು, ಪೇಪರ್ ಕ್ಲಿಯರ್’ ಎಂದು ತೋರಿಸುವ ದಲ್ಲಾಳಿಗಳೂ ಇದ್ದಾರೆ.

ನಿಯಮ ಇಷ್ಟು: ವಿದೇಶದ ಹಳೆ ಕಾರು ತಯಾರಾಗಿ ಮೂರು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಭಾರತಕ್ಕೆ ಬರುವಂತಿಲ್ಲ. ಮೂರು ವರ್ಷದೊಳಗಿನದಕ್ಕೂ ಸುಂಕ ಎಲ್ಲ ಸೇರಿ ಕಾರಿನ ಬೆಲೆಯನ್ನೇ ಮೀರುತ್ತದೆ. 50 ವರ್ಷ ದಾಟಿದ ವಿಂಟೇಜ್ ಗಾಡಿಗಳ ಕಥೆ ಬೇರೆ. ಹಾಗಿದ್ದ ಮೇಲೆ 1990ರ ದಶಕದ ಸುಪ್ರಾ ಅಗ್ಗಕ್ಕೆ ಸಿಗುತ್ತದೆ ಎಂದರೆ ಅದು ಯಾವ ದಾರಿಯಿಂದ ಬಂತು? 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಮ್‌ಖೋರ್’ ಹೆಸರಲ್ಲಿ ದಾಳಿ ಮಾಡಿ ಮೂವತ್ತಕ್ಕೂ ಹೆಚ್ಚು ಗಾಡಿ ಜಪ್ತು ಮಾಡಿದರು. ನುಮ್‌ಖೋರ್ ಎಂದರೆ ಭೂತಾನದ ಭಾಷೆಯಲ್ಲಿ ವಾಹನ. ಭೂತಾನದಿಂದ ಕದ್ದು ತಂದು, ಖೊಟ್ಟಿ ಕಾಗದದ ಮೇಲೆ ಹಿಮಾಚಲ ಪ್ರದೇಶ ಮೊದಲಾದ ಕಡೆ ನೋಂದಾಯಿಸಿ ಮಾರಿದರು ಎಂಬುದು ಆರೋಪ. ಟೊಯೊಟಾ ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪ್ಯಾಟ್ರೋಲ್ ಅದರಲ್ಲಿದ್ದವು. ಚಿತ್ರನಟರ ಮನೆಯ ಗೇಟೂ ಬಿಡಲಿಲ್ಲ. ಕಳ್ಳಸಾಗಣೆಯ ಮಾಲು ಯಾರ ಅಂಗಳದಲ್ಲಿದ್ದರೂ ಜಪ್ತಿಗೆ ಅರ್ಹ. ‘ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ’ ಎಂದರೆ ಕಾರು ಉಳಿಯುವುದಿಲ್ಲ.

ಜಪಾನಿನ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ. ಅಲ್ಲಿ ಹಳೆ ಕಾರು ಹರಾಜಿಗೆ ಬಂದಾಗ ತಪಾಸಣೆ ಮಾಡಿದವನು ಒಂದು ಹಾಳೆ ಬರೆಯುತ್ತಾನೆ. ಕಾರಿನ ಚಿತ್ರದ ಮೇಲೆ ಗೀರಿಗೆ ‘ಎ’, ತಗ್ಗಿಗೆ ‘ಯು’, ರಿಪೇರಿ ಮಾಡಿದ ಜಾಗಕ್ಕೆ ‘ಡಬ್ಲ್ಯು’. ಅಪಘಾತವಾಗಿ ದುರಸ್ತಿಯಾದ ಗಾಡಿಗೆ ‘ಆರ್’ ದರ್ಜೆ. ಬ್ರಿಟನ್, ನ್ಯೂಜಿಲೆಂಡಿನಲ್ಲಿ ಇಂಥ ಕಾರು ಕೊಳ್ಳುವವರು ಮೊದಲು ಕೇಳುವುದೇ ಈ ಹಾಳೆಯನ್ನು. ಅಲ್ಲಿಯ ಕಳ್ಳ ಡೀಲರ್‌ಗಳೇನು ಕಡಿಮೆ? ‘ಆರ್’ ಅಳಿಸಿ 4 ಎಂದು ತಿದ್ದುತ್ತಾರೆ. ಹಾಗಾಗಿ ಜಾಣರು ಡೀಲರ್ ಕೊಟ್ಟ ಹಾಳೆ ನಂಬದೆ, ಚಾಸಿ ನಂಬರ್ ಕೊಟ್ಟು ಮೂಲ ದಾಖಲೆಯನ್ನು ತಾವೇ ತರಿಸುತ್ತಾರೆ. ನಮ್ಮ ಅಕ್ಕಲಕೋಟದ ಒಂದೇ ಬದಿಯ ಜೆರಾಕ್ಸ್‌ಗೂ ಅದಕ್ಕೂ ಏನು ಫರಕು?

ಪುಣೆಗೆ ಅಲೆಯಬೇಕಿಲ್ಲ

ಮೋಸ ಹೋದವರು ಸುಮ್ಮನಾಗುವುದಕ್ಕೆ ದೊಡ್ಡ ಕಾರಣ ದೂರ. ಪುಣೆ ಕೋರ್ಟಿಗೆ ಯಾರು ಅಲೆಯಬೇಕು ಎಂಬ ಅಂಜಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಜಿಕೆಗೆ ಕಾರಣವಿಲ್ಲ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಅಕ್ಕಲಕೋಟದವರು ಸೊಲ್ಲಾಪುರದಲ್ಲಿ, ಜತ್ತದವರು ಸಾಂಗಲಿಯಲ್ಲಿ, ಇಂಡಿಯವರು ವಿಜಯಪುರದಲ್ಲಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. 1915 ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡುತ್ತಾರೆ.

ಪೊಲೀಸ್ ಠಾಣೆಯಲ್ಲಿ ‘ಇದು ನಮ್ಮ ಹದ್ದಿನಲ್ಲಿ ಬರೂದಿಲ್ಲ’ ಎನ್ನುವ ಉತ್ತರ ಗಡಿಯವರಿಗೆ ಹೊಸದಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ವಂಚನೆಗೆ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಆದರೆ ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: ಬಿಲ್ ಎಲ್ಲಿ? ನಗದು ಕೊಟ್ಟು, ರಸೀದಿ ಪಡೆಯದೆ, ಚಹಾ ಕುಡಿದು ಬಂದವರ ಬಳಿ ಉತ್ತರ ಇರುವುದಿಲ್ಲ. ಹಣ ಬ್ಯಾಂಕಿನ ಮೂಲಕ ಹೋಗಿದ್ದರೆ, ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ ಉಳಿದಿದ್ದರೆ ಅದೂ ಪುರಾವೆಯೇ.

ಬೇವಿನ ಗಿಡದ ಕೆಳಗಿನ ಕಾರಿನ ವಿಷಯದಲ್ಲಿ ಕುಟುಂಬವನ್ನು ಕಾಪಾಡಿದ್ದು ಅದೇ. 3.80ರಲ್ಲಿ ಮೂರು ಲಕ್ಷ ಖಾತೆಯಿಂದ ಹೋಗಿತ್ತು. ಕೊನೆಗೆ ಮಗ ಜೆರಾಕ್ಸ್‌ನಲ್ಲಿದ್ದ ವಿಳಾಸ ಹಿಡಿದು ಭೋಸರಿಗೆ ಹೋದ. ಬಾಗಿಲು ಬಡಿದು ಮರಾಠಿಯಲ್ಲಿ ಮಾತು ಶುರು ಮಾಡಿದರೆ, ಒಳಗಿನಿಂದ ‘ಯಾರ್ ಬಂದಾರ ನೋಡು’ ಎಂಬ ದನಿ ಕೇಳಿತು. ಗಾಡಿಯ ಮಾಲೀಕ ಅಫಜಲಪುರ ಕಡೆಯವರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಉಳಿದ ಸಾಲ ತಾನೇ ತುಂಬುತ್ತೇನೆಂದು ಹೇಳಿ ಅದೇ ಡೀಲರ್ ಅವರಿಂದ ಗಾಡಿ ಒಯ್ದಿದ್ದ. ಫೈನಾನ್ಸಿನವರ ಫೋನು ದಿನಾ ಅವರಿಗೂ ಬರುತ್ತಿತ್ತು. ಗಾಡಿ ಇಟ್ಟುಕೊಂಡವರೇ ಕಳ್ಳರು ಎಂದು ಅವರು, ಮಾರಿದವರೇ ಕಳ್ಳರು ಎಂದು ಇವರು ತಿಳಿದುಕೊಂಡಿದ್ದರು.

‘ತಮ್ಮಾ, ನಿಮ್ಮವ್ವಗ ಈಗ ಹ್ಯಾಂಗದ?’ ಎಂದು ಅವರು ಕೇಳಿದ್ದನ್ನು ಮಗ ಇನ್ನೂ ನೆನೆಯುತ್ತಾನೆ.

ಈಗ ಇಬ್ಬರೂ ಕೂಡಿ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ. ಸೊಲ್ಲಾಪುರದ ಗ್ರಾಹಕ ಆಯೋಗದಲ್ಲಿ ಅರ್ಜಿ ಬಿದ್ದಿದೆ, ಡೀಲರ್‌ಗೆ ನೋಟಿಸ್ ಹೋಗಿದೆ. ಬಾಕಿ ತುಂಬಿದರೆ ಫಾರ್ಮ್ 35 ಕೊಡುವುದಾಗಿ ಫೈನಾನ್ಸಿನವರು ಹೇಳಿದ್ದಾರೆ, ಆ 1.60 ಲಕ್ಷದಲ್ಲಿ ಯಾರದೆಷ್ಟು ಎಂಬ ಮಾತು ಎರಡು ಮನೆಗಳ ನಡುವೆ ನಡೆದಿದೆ. ಅಲ್ಲಿಯವರೆಗೆ ಡಯಾಲಿಸಿಸ್ ಇದ್ದ ದಿನ ತಾಯಿ, ಮಗ ಬೆಳಗಿನ ಆರು ಗಂಟೆಯ ಎಸ್‌ಟಿಗೆ ಫಾಟಾದಲ್ಲಿ ನಿಲ್ಲುತ್ತಾರೆ. ಕಂಡಕ್ಟರ್ ಈಗ ಗುರುತು ಹಿಡಿಯುತ್ತಾನೆ, ಮುಂದಿನ ಸೀಟು ಬಿಡಿಸಿ ಕೊಡುತ್ತಾನೆ.